ಹಳೇಬೀಡಿನ ಗೋಡೆ ಮುಂದೆ ಪೆನ್ಸಿಲ್ ಹಿಡಿದು ಕೂರುವುದು ಹೇಗೆ

ಮೊದಲೇ ಹೇಳಿಬಿಡುತ್ತೇನೆ, ಮದನಿಕೆ, ಅಂದರೆ ಬೇಲೂರು ಗುಡಿಯ ಆ ಬಳುಕುವ ಹೆಣ್ಣಿನ ಶಿಲ್ಪ, ಬರೆಯಲು ಹೋಗಬೇಡಿ. ಹೊಸದಾಗಿ ಸ್ಕೆಚ್ ಪುಸ್ತಕ ಕೊಂಡವರು ಬೇಲೂರಿಗೆ ಬಂದರೆ ಸೀದಾ ದರ್ಪಣ ಸುಂದರಿ ಕೆಳಗೆ ಕತ್ತೆತ್ತಿ ನಿಲ್ಲುತ್ತಾರೆ. ಅವಳು ಇರುವುದು ಸೂರಿನ ಕೆಳಗೆ, ಮುಂದಕ್ಕೆ ಬಾಗಿದ ಹಾಗೆ ಕೂರಿಸಿದ್ದಾರೆ. ಮೈತುಂಬ ಒಡವೆ, ಸುತ್ತ ಬಳ್ಳಿ, ಮೂರು ಕಡೆ ಬಳುಕಿದ ಮೈ. ಕೆಳಗೆ ನಿಂತು ಅದರ ಅಳತೆ ಹಿಡಿಯುವುದು ಪಳಗಿದ ಕೈಗೇ ಕಷ್ಟ. ಅರ್ಧ ಗಂಟೆ ಒದ್ದಾಡಿದ ಮೇಲೆ ಕತ್ತು ನೋವು ಬರುತ್ತದೆ, ಪುಸ್ತಕದಲ್ಲಿ ಯಾರೋ ಗುರುತಿಲ್ಲದ ಹೆಂಗಸು ಕೂತಿರುತ್ತಾಳೆ, ಪೆನ್ಸಿಲ್ ಡಬ್ಬಿ ಸೇರುತ್ತದೆ.

ಹಾಸನ, ಚಿಕ್ಕಮಗಳೂರು ಕಡೆಯವರಿಗೆ ಬೇರೆ ಯಾರಿಗೂ ಇಲ್ಲದ ಅನುಕೂಲ ಇದೆ. ಒಂದು ಗಂಟೆ ಬಸ್ಸಿನಲ್ಲಿ ಕೂತರೆ ಯಾವುದಾದರೂ ಒಂದು ಹೊಯ್ಸಳ ಗುಡಿ ಸಿಗುತ್ತದೆ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದವು, ಸರಿ. ಆದರೆ ಚಿತ್ರ ಕಲಿಯಲು ಪಟ್ಟಿಯ ಹೊರಗಿರುವ ಊರುಗಳೇ ಒಳ್ಳೆಯವು. ಜನ ಕಮ್ಮಿ, ಹೆಗಲ ಮೇಲಿಂದ ಇಣುಕಿ ನೋಡುವವರೂ ಕಮ್ಮಿ.

ಸಾಮಾನಿಗೆ ಜಾಸ್ತಿ ದುಡ್ಡು ಹಾಕಬೇಡಿ. ಎ5 ಅಳತೆಯ ಪುಸ್ತಕ, ಹಾಳೆ ಸ್ವಲ್ಪ ದಪ್ಪ ಇರಲಿ, ಇಲ್ಲದಿದ್ದರೆ ಉಜ್ಜಿದಾಗ ಹರಿಯುತ್ತದೆ. ಎಚ್‌ಬಿ ಒಂದು, 2ಬಿ ಒಂದು, 4ಬಿ ಒಂದು, ರಬ್ಬರ್, ಶಾರ್ಪನರ್. ಬಿಡಿ ಹಾಳೆಯಾದರೆ ಮಕ್ಕಳು ಪರೀಕ್ಷೆಗೆ ಒಯ್ಯುವ ಕ್ಲಿಪ್ ಪ್ಯಾಡ್ ಸಾಕು. ಇದೆಲ್ಲಕ್ಕಿಂತ ಮುಖ್ಯವಾದದ್ದು ದಪ್ಪನೆ ಕಾಲುಚೀಲ. ನಗಬೇಡಿ. ಚಪ್ಪಲಿ ಹೊರಗೆ ಬಿಡಬೇಕು, ಮಧ್ಯಾಹ್ನ ಜಗತಿಯ, ಅಂದರೆ ಗುಡಿ ನಿಂತಿರುವ ಕಟ್ಟೆಯ, ಕಲ್ಲು ಕಾದ ಹೆಂಚೇ ಸೈ. ಕೂರಲು ಹಳೆ ಬೆಡ್‌ಶೀಟ್ ಮಡಚಿ ಒಯ್ಯಿರಿ. ಸ್ಟ್ಯಾಂಡು ಬೇಡ. ಪುರಾತತ್ವ ಇಲಾಖೆಯ ಜಾಗಗಳಲ್ಲಿ ಕ್ಯಾಮೆರಾ ಸ್ಟ್ಯಾಂಡಿಗೇ ಅನುಮತಿ ಕೇಳುತ್ತಾರೆ, ನೀವು ದೊಡ್ಡ ಮರದ ಸ್ಟ್ಯಾಂಡು ಬಿಚ್ಚಿಟ್ಟರೆ ಕಾವಲಿನವರು ಬಂದೇ ಬರುತ್ತಾರೆ. ಪುಸ್ತಕ ತೊಡೆ ಮೇಲಿಟ್ಟು ದಾರಿಗೆ ಅಡ್ಡ ಬರದ ಹಾಗೆ ಕೂತರೆ ಸಾಮಾನ್ಯವಾಗಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಹಾಳೆಯನ್ನು ಕೆತ್ತನೆ ಮೇಲಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವ ಕೆಲಸ ಮಾತ್ರ ಬೇಡವೇ ಬೇಡ. ಅದು ಮೆತ್ತನೆ ಬಳಪದ ಕಲ್ಲು, ಒಂಬೈನೂರು ವರ್ಷದಿಂದ ನಿಂತಿದೆ, ನಮ್ಮಿಂದ ಸವೆಯುವುದು ಬೇಡ.

ಮೊದಲ ಸಲಕ್ಕೆ ದೊಡ್ಡಗದ್ದವಳ್ಳಿ ಅನ್ನುತ್ತೇನೆ ನಾನು. ಹಾಸನದಿಂದ ಬೇಲೂರು ರಸ್ತೆಯಲ್ಲಿ ಹೋಗಿ ಒಳಕ್ಕೆ ತಿರುಗಬೇಕು, ಸುಮಾರು 20 ಕಿ.ಮೀ. ಕೆರೆ ಪಕ್ಕದಲ್ಲೇ ಲಕ್ಷ್ಮೀದೇವಿ ಗುಡಿ, 12ನೇ ಶತಮಾನದ ಆರಂಭದ್ದು, ಹೊಯ್ಸಳರ ಮೊದಮೊದಲ ಗುಡಿಗಳಲ್ಲಿ ಒಂದು. ನಾಲ್ಕು ಗರ್ಭಗುಡಿ ಇರುವುದು ಇದರ ವಿಶೇಷ. ನಮಗೆ ಬೇಕಾಗಿರುವುದು ಅದರ ಶಿಖರಗಳು. ನಾಲ್ಕರಲ್ಲಿ ಮೂರರ ಮೇಲೆ ಕೆತ್ತನೆಯ ಗದ್ದಲ ಇಲ್ಲ, ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಕಿರಿದಾಗುತ್ತಾ ಹೋಗುತ್ತವೆ. ನೇರ ಗೆರೆ ಎಳೆಯಲು ಬಂದರೆ ಅರ್ಧ ಕೆಲಸ ಮುಗಿಯಿತು. ನಡುವೆ ಒಂದು ನೆಟ್ಟನೆ ಗೆರೆ ಎಳೆದುಕೊಳ್ಳಿ, ತುದಿಯಿಂದ ಬುಡಕ್ಕೆ ಎರಡು ಓರೆ ಗೆರೆ, ಆಮೇಲೆ ಅಡ್ಡ ಮೆಟ್ಟಿಲುಗಳು. ಒಂದು ಅಂಚಿನ ಕಡೆ ಬಿಸಿಲು, ಇನ್ನೊಂದು ಕಡೆ ನೆರಳು. ನೆರಳಿನ ಕಡೆ ಎಲ್ಲಾ ಒಟ್ಟಿಗೇ ಬೂದು ಮಾಡಿಬಿಡಿ, ಮೆಟ್ಟಿಲು ಎಣಿಸುತ್ತಾ ಕೂರಬೇಡಿ.

ಹಾಸನಕ್ಕೆ ಇನ್ನೂ ಹತ್ತಿರ ಬೇಕಾದರೆ ಮೊಸಳೆ ಇದೆ. ಅಲ್ಲಿ ನಾಗೇಶ್ವರ, ಚೆನ್ನಕೇಶವ ಎರಡೂ ಗುಡಿ ಅಕ್ಕಪಕ್ಕ, ಹೆಚ್ಚುಕಮ್ಮಿ ಒಂದೇ ಥರ. ಒಂದರಲ್ಲಿ ಎಡವಿದ್ದನ್ನು ಇನ್ನೊಂದರಲ್ಲಿ ಸರಿ ಮಾಡಿಕೊಳ್ಳಬಹುದು.

ಅಳತೆ ಹಿಡಿಯುವ ಹಳೆ ಉಪಾಯ ಎಲ್ಲರಿಗೂ ಗೊತ್ತಿದ್ದದ್ದೇ, ಆದರೂ ಹೇಳುತ್ತೇನೆ, ಯಾಕೆಂದರೆ ಮುಕ್ಕಾಲು ಜನ ಕೈ ಮಡಚಿಕೊಂಡು ಮಾಡುತ್ತಾರೆ. ಕೈ ಪೂರ್ತಿ ಚಾಚಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲ್ ತುದಿಯಿಂದ ಹೆಬ್ಬೆರಳವರೆಗೆ ಬಾಗಿಲಿನ ಎತ್ತರ ಹಿಡಿಯಿರಿ. ಈಗ ಅದೇ ಅಳತೆ ಗುಡಿಯ ಎತ್ತರದಲ್ಲಿ ಎಷ್ಟು ಸಲ ಬರುತ್ತದೆ ನೋಡಿ. ಮೊಣಕೈ ಒಂಚೂರು ಮಡಚಿದರೂ ಲೆಕ್ಕ ಕೆಟ್ಟಿತು.

ಎರಡನೇ ಪಾಠ ಕಂಬ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ, ಯಾಕೆಂದರೆ ಹೊಯ್ಸಳ ಕಂಬ ಬರೆಯಲು ಬಂದರೆ ಲೋಟ, ಬಿಂದಿಗೆ, ಗಡಿಗೆ ಎಲ್ಲವೂ ಬಂದ ಹಾಗೆ. ತಿರುಗಣೆಗೆ ಕೊಟ್ಟು ಕಡೆದ ಕಂಬಗಳಿವು. ಕಂಬದ ಮೈಗೆ ಸುತ್ತಲೂ ಬಳೆ ತೊಡಿಸಿದಂಥ ಸಣ್ಣ ಸಣ್ಣ ಅಂಚುಗಳು, ಒಂದು ಕಡೆ ಗಂಟೆಯ ಆಕಾರದ ಉಬ್ಬು, ಅದರ ಮೇಲೆ ಚಪ್ಪಟೆ ಚಕ್ರ. ಹಳೇಬೀಡಿನಲ್ಲೇ ದೊಡ್ಡ ಗುಡಿಯಿಂದ ಸ್ವಲ್ಪ ದೂರ ನಡೆದರೆ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿ ಇದೆ. ಅಲ್ಲಿನ ಕಂಬಗಳಿಗೆ ಎಂಥಾ ಹೊಳಪು ಅಂದರೆ ಎದುರು ನಿಂತವರ ನೆರಳು ಕಾಣುತ್ತದೆ. ಚಿಕ್ಕಮಗಳೂರಿನವರಿಗೆ ಬೆಳವಾಡಿಯ ವೀರನಾರಾಯಣ ಗುಡಿ ಅನುಕೂಲ, ಜಾವಗಲ್ ರಸ್ತೆಯಲ್ಲಿ. ಅಲ್ಲಿ ಮಂಟಪದ ತುಂಬ ಕಂಬಗಳ ಸಾಲು, ಬೇಕಾದ್ದನ್ನು ಆರಿಸಿಕೊಳ್ಳಿ. ಬಾಗಿಲಲ್ಲಿ ನಿಂತ ಕಲ್ಲಿನ ಆನೆಗಳು ಬೋನಸ್.

ಕಂಬ ಬರೆಯುವಾಗ ನಡುಗೆರೆ ಎಳೆದು ಎಡಗಡೆ ಅರ್ಧ ಮಾತ್ರ ನೋಡಿ ಬರೆಯಿರಿ. ಬಲಗಡೆಯದು ಅದರ ಪಡಿಯಚ್ಚು, ಗೆರೆಯಿಂದ ಎಷ್ಟೆಷ್ಟು ದೂರ ಅಂತ ಚುಕ್ಕಿ ಇಟ್ಟು ಸೇರಿಸಿದರಾಯಿತು. ತಪ್ಪುವುದು ಆ ಬಳೆಗಳಲ್ಲಿ. ಎಲ್ಲಾ ಬಳೆಯನ್ನೂ ನೇರ ಗೆರೆ ಮಾಡಿದರೆ ಕಂಬ ಹಲಗೆ ಆಗುತ್ತದೆ. ಎಲ್ಲವನ್ನೂ ಒಂದೇ ಥರ ಬಾಗಿಸಿದರೂ ಸರಿ ಕಾಣುವುದಿಲ್ಲ. ನಿಮ್ಮ ಕಣ್ಣಿನ ಮಟ್ಟ ಎಲ್ಲಿದೆ ಅಂತ ಮೊದಲು ಗುರುತು ಹಾಕಿಕೊಳ್ಳಿ. ಆ ಮಟ್ಟದ ಬಳೆ ನೇರ ಗೆರೆಯಾಗಿಯೇ ಕಾಣುತ್ತದೆ. ಅದಕ್ಕಿಂತ ಮೇಲಿನವು ಮೇಲಕ್ಕೆ ಬಾಗುತ್ತವೆ, ಕೆಳಗಿನವು ಕೆಳಕ್ಕೆ. ದೂರ ಹೋದಷ್ಟೂ ಬಾಗು ಜಾಸ್ತಿ. ನೆಲದ ಮೇಲೆ ಕೂತಿದ್ದೀರಿ ಅಲ್ವಾ, ನಿಮ್ಮ ಕಣ್ಣು ನೆಲದಿಂದ ಎರಡೂವರೆ ಅಡಿ ಮೇಲಿರಬಹುದು ಅಷ್ಟೆ. ಹಾಗಾಗಿ ಕಂಬದ ಬಹುಪಾಲು ಬಳೆಗಳು ಮೇಲಕ್ಕೇ ಬಾಗಿರುತ್ತವೆ. ಇದೊಂದು ಕೈಗೆ ಹತ್ತಿದರೆ ಚಿತ್ರ ಹಾಳೆಯಿಂದ ಎದ್ದು ಬರುತ್ತದೆ. ಹೊಳಪಿಗೆ ಬೇರೆ ಏನೂ ಮಾಡಬೇಡಿ, ಬೆಳಕು ಬಿದ್ದ ಜಾಗದಲ್ಲಿ ಮೇಲಿಂದ ಕೆಳಕ್ಕೆ ಸಣ್ಣ ಪಟ್ಟಿ ಹಾಳೆಯ ಬಿಳಿ ಹಾಗೇ ಬಿಟ್ಟರೆ ಅದೇ ಹೊಳಪು.

ಇಷ್ಟಾದ ಮೇಲೆ ಹಳೇಬೀಡಿನ ದೊಡ್ಡ ಗುಡಿ, ಹೊಯ್ಸಳೇಶ್ವರದ ಗೋಡೆ. ಹೆಸರಾದ ಕೆತ್ತನೆ ಹೆಚ್ಚಾಗಿ ಹಿಂಬದಿಯಲ್ಲಿ, ಅಂದರೆ ಪಶ್ಚಿಮಕ್ಕೆ. ಗುಡಿ ಪೂರ್ವಕ್ಕೆ ಮುಖ ಮಾಡಿದೆ. ಬೆಳಿಗ್ಗೆ ಬೇಗ ಎದ್ದು ಓಡಿ ಬಂದರೆ ಆ ಗೋಡೆ ಪೂರ್ತಿ ನೆರಳಿನಲ್ಲಿರುತ್ತದೆ, ಕೆತ್ತನೆ ಚಪ್ಪಟೆ ಕಾಣುತ್ತದೆ. ಬೆಳಗಿನ ಹೊತ್ತು ಮುಂದಿನ ನಂದಿ ಮಂಟಪಗಳ ಕಡೆ ಕಳೆಯಿರಿ, ಅಥವಾ ಬಸದಿ ಮುಗಿಸಿಕೊಳ್ಳಿ. ಊಟ ಆದ ಮೇಲೆ, ಬಿಸಿಲು ಆಗತಾನೇ ಗೋಡೆಯನ್ನು ಸವರಿಕೊಂಡು ಇಳಿಯುವ ಹೊತ್ತಿಗೆ ಹಿಂಬದಿಗೆ ಬನ್ನಿ. ಆಗ ಪ್ರತಿ ಉಬ್ಬಿನ ಕೆಳಗೂ ಕಪ್ಪು ನೆರಳು ಕೂತಿರುತ್ತದೆ. ತೀರಾ ಸಂಜೆಯಾದರೆ ಬಿಸಿಲು ಎದುರಿಗೇ ಹೊಡೆದು ನೆರಳೆಲ್ಲಾ ಕರಗುತ್ತದೆ, ಫೋಟೊಗೆ ಚೆಂದ, ಪೆನ್ಸಿಲ್ಲಿಗಲ್ಲ. ಮಳೆಗಾಲದ ಮೋಡದಲ್ಲಿ ನೆರಳೇ ಬೀಳುವುದಿಲ್ಲ. ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಕಾಲ, ಡಿಸೆಂಬರ್‌ನಲ್ಲಿ ಮಾತ್ರ ಶಾಲೆ ಮಕ್ಕಳ ಪ್ರವಾಸದ ಬಸ್ಸುಗಳು ಸಾಲುಗಟ್ಟುತ್ತವೆ. ಸುತ್ತ ಇಪ್ಪತ್ತು ಮಕ್ಕಳು ನಿಂತು "ನಮ್ ಚಿತ್ರಾನೂ ಬರೀರಿ" ಅಂದರೆ ಕೆಲಸ ಕೆಟ್ಟಿತು, ಖುಷಿಯೂ ಆಯಿತು ಅನ್ನಿ.

ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಪಟ್ಟಿಕೆಗಳಿವೆ. ಎಲ್ಲಕ್ಕಿಂತ ಕೆಳಗೆ ಆನೆ, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ರಾಮಾಯಣ ಮಹಾಭಾರತದ ಕಥೆಗಳು, ಮಕರ, ಹಂಸ. ಆನೆಯಿಂದ ಶುರು ಮಾಡಿ. ಕೂತವರ ಕಣ್ಣಿಗೆ ಹತ್ತಿರ, ಆಕಾರ ದುಂಡಗೆ, ಎಡವಿದರೂ ಆನೆ ಆನೆಯೇ. ಪಟ್ಟಿಕೆಯ ಮೇಲಿನ ಅಂಚು, ಕೆಳಗಿನ ಅಂಚು ಎರಡು ಗೆರೆ ಎಳೆಯಿರಿ. ಕೆತ್ತಿದ ರೂವಾರಿ ಆನೆಯನ್ನು ಈ ಎರಡು ಗೆರೆಗಳ ನಡುವೆ ತುಂಬಿಸಿ ಕೂರಿಸಿದ್ದಾನೆ, ಬೆನ್ನು ಮೇಲಿನ ಅಂಚಿನ ಹತ್ತಿರಕ್ಕೆ ಬಂದಿರುತ್ತದೆ. ಸೊಂಡಿಲಿನಿಂದ ಶುರು ಮಾಡಬೇಡಿ. ಬೆನ್ನಿನ ಬಾಗು ಒಂದೇ ಎಳೆತಕ್ಕೆ ಎಳೆಯಿರಿ, ಆಮೇಲೆ ತಲೆಯ ಉಬ್ಬು. ಕಾಲು ಬರೆಯುವ ಬದಲು ಕಾಲುಗಳ ನಡುವಿನ ಕತ್ತಲೆ ಬರೆಯಿರಿ, 4ಬಿ ಹಿಡಿದು ಒತ್ತಿ. ಆ ಕಪ್ಪು ಸಂದಿಗಳ ಆಕಾರ ಸರಿಯಾಗಿ ಬಂದರೆ ಕಾಲು ತಾನಾಗಿ ನಿಲ್ಲುತ್ತದೆ. ಕೊರಳ ಸರ, ಗೆಜ್ಜೆ, ಬೆನ್ನ ಮೇಲಿನ ಅಲಂಕಾರ ನೋಡಿ ಹೆದರಬೇಡಿ. ನಾಲ್ಕು ಮಣಿ ನಿಜವಾಗಿ ಬರೆಯಿರಿ, ಉಳಿದದ್ದಕ್ಕೆ ಸರದ ಕೆಳಗಿನ ನೆರಳಿನ ಗೆರೆ ಸಾಕು. ನೋಡುವವರ ಕಣ್ಣೇ ಬಾಕಿ ಮಣಿ ಪೋಣಿಸಿಕೊಳ್ಳುತ್ತದೆ.

ಇನ್ನು ನಕ್ಷತ್ರದ ಆಕಾರದ ಗೋಡೆ. ಮೂಲೆ ಮೇಲೆ ಮೂಲೆ ಬಂದು ತಲೆ ತಿರುಗುತ್ತದೆ. ಇದಕ್ಕೆ ಮನೆಯಲ್ಲೇ ತಯಾರಿ ಮಾಡಿಕೊಂಡು ಬನ್ನಿ. ರಟ್ಟಿನಲ್ಲಿ ಒಂದು ಚೌಕ ಕತ್ತರಿಸಿ, ನಡುವೆ ಗುಂಡುಪಿನ್ನು ಚುಚ್ಚಿ, ಸುತ್ತ ಗೆರೆ ಎಳೆಯಿರಿ. ಅದನ್ನೇ 22.5 ಡಿಗ್ರಿ ತಿರುಗಿಸಿ ಮತ್ತೆ ಎಳೆಯಿರಿ. ಹೀಗೆ ಒಟ್ಟು ನಾಲ್ಕು ಚೌಕ ಆದರೆ 16 ಮೂಲೆಯ ನಕ್ಷತ್ರ ಸಿಗುತ್ತದೆ. ಇದನ್ನು ಒಮ್ಮೆ ಕೈಯಾರೆ ಮಾಡಿದವರಿಗೆ ಗೋಡೆ ಯಾಕೆ ಹಾಗೆ ಒಳಗೆ ಹೊರಗೆ ಹೋಗುತ್ತದೆ ಅಂತ ಅಲ್ಲಿ ನಿಂತಾಗ ಅರ್ಥವಾಗುತ್ತದೆ. ಬರೆಯುವಾಗ ಕಣ್ಣು ಅರ್ಧ ಮುಚ್ಚಿ ನೋಡಿ. ಕೆತ್ತನೆ ಮಾಯವಾಗಿ ಬೆಳಕಿನ ಮುಖ, ನೆರಳಿನ ಮುಖ ಎರಡೇ ಉಳಿಯುತ್ತವೆ. ಆ ಎರಡನ್ನು ಮೊದಲು ಹಾಕಿ, ಮೂರ್ತಿಗಳು ಆಮೇಲೆ.

ಫೋಟೊ ತೆಗೆದುಕೊಂಡು ಮನೆಗೆ ಹೋಗಿ ಬರೆದರೆ ಆಗುವುದಿಲ್ಲವಾ? ಬರೆಯಬಹುದು, ಆದರೆ ನನಗೆ ಅದು ರುಚಿಸುವುದಿಲ್ಲ. ಫೋನು ನೆರಳನ್ನೆಲ್ಲಾ ತಾನೇ ಬೆಳಗಿಸಿಬಿಡುತ್ತದೆ, ಕಲ್ಲಿನ ಆಳ ಹೋಗುತ್ತದೆ. ಬಿಸಿಲು ಸರಿದುಹೋಗುತ್ತದೆ ಅನ್ನುವ ಭಯ ಇದ್ದರೆ ಶುರುವಿನಲ್ಲೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ, ನೆರಳು ಎಲ್ಲಿತ್ತು ಅಂತ ನೋಡಿಕೊಳ್ಳಲು ಮಾತ್ರ.

ಬೇಲೂರು ಕೊನೆಗೆ. ವಿಷ್ಣುವರ್ಧನನ ಕಾಲದಲ್ಲಿ 1117ರಲ್ಲಿ ಪ್ರತಿಷ್ಠೆಯಾದ ಗುಡಿ, ಇವತ್ತಿಗೂ ಪೂಜೆ ನಡೆಯುತ್ತದೆ. ಹಾಗಾಗಿ ದರ್ಶನದ ಸಾಲಿಗೆ ಅಡ್ಡ ಕೂರಬೇಡಿ. ಈಗ ಬೇಕಾದರೆ ಮದನಿಕೆ ಬರೆಯಿರಿ. ಹೊರಗಡೆ 38 ಇದ್ದಾರೆ, ಒಳಗೆ ನಾಲ್ಕು. ಸಣ್ಣ ದುರ್ಬೀನು ಇದ್ದರೆ ಒಯ್ಯಿರಿ. ಮುಖ ಬಿಟ್ಟುಬಿಡಿ, ಮೊದಲು ಹೆಗಲಿನ ಓರೆ ಒಂದು ಗೆರೆ, ಸೊಂಟದ ಓರೆ ಒಂದು ಗೆರೆ. ಸಾಮಾನ್ಯವಾಗಿ ಎರಡೂ ಎದುರುಬದುರು ವಾಲಿರುತ್ತವೆ. ಕೊರಳಿನಿಂದ ಹಿಮ್ಮಡಿಯವರೆಗೆ ಒಂದು ಬಳುಕು ಗೆರೆ. ಈ ಮೂರು ಗೆರೆ ಸರಿ ಇದ್ದರೆ ಒಡವೆ ಇಲ್ಲದೆಯೂ ಅವಳ ಗುರುತು ಸಿಗುತ್ತದೆ. ಕೆಲವು ಮೂರ್ತಿಗಳ ಪೀಠದಲ್ಲಿ ಕೆತ್ತಿದವರು ತಮ್ಮ ಹೆಸರು ಬರೆದಿದ್ದಾರೆ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಇಬ್ಬರ ಹೆಸರೂ ಇಲ್ಲಿ ಸಿಗುತ್ತದೆ. ಹಳೆಗನ್ನಡ ಲಿಪಿ, ಓದಲು ಬರದಿದ್ದರೂ ಅಕ್ಷರಗಳನ್ನು ಚಿತ್ರದ ಹಾಗೆ ಪುಸ್ತಕದ ಮೂಲೆಗೆ ಇಳಿಸಿಕೊಳ್ಳಬಹುದು.

ಪ್ರತಿ ಹಾಳೆಯ ಕೆಳಗೆ ಊರು, ತಾರೀಕು, ಗಂಟೆ ಬರೆದಿಡಿ. ಮುಂದಿನ ಸಲ ಅದೇ ಬೆಳಕು ಬೇಕಾದರೆ ಯಾವಾಗ ಬರಬೇಕು ಅಂತ ಗೊತ್ತಾಗುತ್ತದೆ. 4ಬಿ ಎದುರು ಹಾಳೆಗೆ ಮೆತ್ತಿಕೊಳ್ಳುತ್ತದೆ, ಆದ್ದರಿಂದ ನಡುವೆ ಬಟರ್ ಪೇಪರ್ ಇಟ್ಟು ಮುಚ್ಚಿ. ಬೇಲೂರಿನಿಂದ ಹಳೇಬೀಡಿಗೆ 16 ಕಿ.ಮೀ. ಅಷ್ಟೆ, ಎರಡನ್ನೂ ಒಂದೇ ದಿನ ನೋಡಬಹುದು, ಬರೆಯಲು ಆಗುವುದಿಲ್ಲ. ಒಂದು ದಿನಕ್ಕೆ ಒಂದೇ ಗುಡಿ ಇಟ್ಟುಕೊಳ್ಳಿ. ಹಳ್ಳಿ ಕಡೆಯ ಗುಡಿಗೆ ಹೋದರೆ ವಾಪಸ್ ಬಸ್ಸು ಎಷ್ಟು ಹೊತ್ತಿಗೆ ಅಂತ ಇಳಿಯುವಾಗಲೇ ಕಂಡಕ್ಟರನ್ನು ಕೇಳಿಕೊಳ್ಳಿ.