ಮನೆ ಕಟ್ಟಿಸ್ತಿದ್ದೀರಾ? ಮೊದಲು ಪಶ್ಚಿಮದ ಗೋಡೆ ನೋಡಿ, ಸೋಲಾರ್ ಆಮೇಲೆ

ಮೈಸೂರಿನಲ್ಲಿ ಮನೆ ಕಟ್ಟಿಸುತ್ತೇನೆ ಅಂದ ತಕ್ಷಣ ಎಲ್ಲರೂ ಕೇಳುವುದು ಒಂದೇ ಮಾತು, ಸೋಲಾರ್ ಹಾಕಿಸ್ತೀರಾ ಅಂತ. ಹಾಕಿಸಿ, ಬೇಡ ಅನ್ನುವುದಿಲ್ಲ. ಆದರೆ ಅದು ಕೊನೆಯ ಕೆಲಸ. ಪಾಯ ತೋಡುವುದಕ್ಕೆ ಮುಂಚೆ ಒಂದು ದಿನ ಸಂಜೆ ನಾಲ್ಕೂವರೆಗೆ ಸೈಟಿಗೆ ಹೋಗಿ, ಸುಮ್ನೆ ನಿಂತು ಬಿಸಿಲು ಎಲ್ಲಿ ಬೀಳುತ್ತದೆ ನೋಡಿ. ಕರೆಂಟ್ ಉಳಿಸುವ ಮನೆ ಅಲ್ಲಿಂದಲೇ ಶುರುವಾಗುತ್ತದೆ.

ಬೋಗಾದಿ ಕಡೆ 30×40 ಸೈಟಿನಲ್ಲಿ ಮನೆ ಕಟ್ಟಿಸುವ ಮುಂಚೆ ನಾವು ಬಾಡಿಗೆ ಮನೆಯ ಮೇಲಂತಸ್ತಿನಲ್ಲಿದ್ದೆವು. ಏಪ್ರಿಲ್‌ನಲ್ಲಿ ರಾತ್ರಿ ಹತ್ತು ಗಂಟೆಗೆ ಮಲಗುವ ಕೋಣೆಯ ಗೋಡೆಗೆ ಕೈ ಇಟ್ಟರೆ, ಒಲೆ ಆರಿಸಿ ಅರ್ಧ ಗಂಟೆಯಾದ ಹೆಂಚಿನ ಹಾಗೆ ಬೆಚ್ಚಗಿರುತ್ತಿತ್ತು. ಹೊರಗೆ ಬಾಲ್ಕನಿಯಲ್ಲಿ ನಿಂತರೆ ತಣ್ಣನೆ ಗಾಳಿ, ಒಳಗೆ ಫ್ಯಾನು ಬಿಸಿ ಗಾಳಿಯನ್ನೇ ತಿರುಗಿಸುತ್ತಿತ್ತು. ಕಾರಣ ಇಷ್ಟೇ: ಇಟ್ಟಿಗೆ, ಕಾಂಕ್ರೀಟ್ ಹಗಲೆಲ್ಲ ಕುಡಿದ ಬಿಸಿಯನ್ನು ಕೆಲವು ಗಂಟೆ ತಡವಾಗಿ, ಸರಿಯಾಗಿ ನಾವು ಮಲಗುವ ಹೊತ್ತಿಗೆ ಬಿಡುತ್ತವೆ. ಆ ಗೋಡೆ ಪಶ್ಚಿಮಕ್ಕಿತ್ತು, ತಲೆ ಮೇಲೆ ಬರೀ ತಾರಸಿ. ನಮ್ಮ ಊರಲ್ಲಿ ಮನೆಗೆ ಬಿಸಿ ಬರುವ ದೊಡ್ಡ ದಾರಿಗಳು ಇವೆರಡೇ.

ಸೂರ್ಯನ ಲೆಕ್ಕ ಸ್ವಲ್ಪ ಗೊತ್ತಿರಲಿ. ಮೈಸೂರು ಇರುವುದು 12.3 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ 22ರ ಆಸುಪಾಸು ಒಂದು ಸಲ, ಆಗಸ್ಟ್ 20ರ ಆಸುಪಾಸು ಇನ್ನೊಂದು ಸಲ ಮಧ್ಯಾಹ್ನ ಸೂರ್ಯ ನೆತ್ತಿ ಮೇಲೇ ಬರುತ್ತಾನೆ, ಅಂದರೆ ತಾರಸಿ ನೇರವಾಗಿ ಕಾಯುತ್ತದೆ. ದಕ್ಷಿಣದ ಕಿಟಕಿಗೆ ಜಾಸ್ತಿ ಹೆದರಬೇಕಿಲ್ಲ, ಡಿಸೆಂಬರ್‌ನಲ್ಲೂ ಮಧ್ಯಾಹ್ನದ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತಾನೆ, ಎರಡು ಅಡಿ ಸಜ್ಜ ಇದ್ದರೆ ಕಿಟಕಿಯ ಬಹುಪಾಲು ನೆರಳಾಗುತ್ತದೆ. ಪಶ್ಚಿಮ ಹಾಗಲ್ಲ. ಏಪ್ರಿಲ್ ಸಂಜೆ ನಾಲ್ಕೂವರೆಗೆ ಸೂರ್ಯ ಇರುವುದು 30 ಡಿಗ್ರಿಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ. ಅದೇ ಎರಡು ಅಡಿ ಸಜ್ಜದಿಂದ ಸಿಗುವ ನೆರಳು ಹೆಚ್ಚು ಕಡಿಮೆ ಒಂದು ಅಡಿ. ನಾಲ್ಕು ಅಡಿ ಕಿಟಕಿಯಲ್ಲಿ ಮೂರು ಅಡಿ ಬಿಸಿಲಿಗೇ ಬಿಟ್ಟ ಹಾಗೆ, ಅಲ್ವಾ? ಎಲ್ಲಾ ಕಡೆಗೂ ಒಂದೇ ಅಳತೆ ಸಜ್ಜ ಬರೆದ ಪ್ಲಾನ್ ಕೊಟ್ಟರೆ ಇದನ್ನು ಇಂಜಿನಿಯರ್ ಹತ್ತಿರ ಕೇಳಿ.

ಇನ್ನೊಂದು ತೊಡಕು ವಾಸ್ತುವಿನದು. ಯಜಮಾನರ ಕೋಣೆ ನೈರುತ್ಯದಲ್ಲೇ ಇರಬೇಕು ಅಂತಾರೆ, ಸಂಜೆ ಬಿಸಿಲು ಜಾಸ್ತಿ ಹೊಡೆಯುವ ಮೂಲೆಯೂ ಅದೇ. ಮನೆಯವರ ಜೊತೆ ಜಗಳ ಆಡಬೇಡಿ, ದಾರಿ ಇದೆ. ನಾವು ಕೋಣೆ ಅಲ್ಲೇ ಇಟ್ಟು, ಪಶ್ಚಿಮದ ಗೋಡೆಗೆ ಉದ್ದಕ್ಕೂ ನೆಲದಿಂದ ಮೇಲಿನವರೆಗೆ ವಾರ್ಡ್‌ರೋಬ್ ಮಾಡಿಸಿದೆವು. ಗೋಡೆ ಬಿಸಿಯಾದರೂ ಬಟ್ಟೆ, ಹಾಸಿಗೆ, ಮರದ ಹಲಗೆ ದಾಟಿ ಬರುವಷ್ಟರಲ್ಲಿ ಬಹಳ ಕಡಿಮೆಯಾಗುತ್ತದೆ. ಬಾತ್‌ರೂಮು, ಮೆಟ್ಟಿಲು ಪಶ್ಚಿಮಕ್ಕೆ ಬಂದರೂ ಒಳ್ಳೆಯದೇ. ಆ ಕಡೆ ಕಿಟಕಿ ಬೇಕೇ ಬೇಕು ಅಂದರೆ ಸಣ್ಣದು ಇಡಿ, ಹೊರಗೆ ತೂತುಗಳಿರುವ ಜಾಲಿಯನ್ನೋ ಬಿದಿರು ತಟ್ಟಿಯನ್ನೋ ಹಾಕಿ. ಪರದೆ ಒಳಗೆ ಎಷ್ಟು ದಪ್ಪ ಹಾಕಿದರೂ ಗಾಜು ದಾಟಿದ ಬಿಸಿ ಒಳಗೇ ಉಳಿಯುತ್ತದೆ. ಜಾಗ ಇದ್ದರೆ ಒಂದು ಹೊಂಗೆ ಸಸಿ ನೆಡಿ. ಬೇಸಿಗೆ ಶುರುವಿನಲ್ಲಿ ಎಲೆ ಉದುರಿಸಿ, ಬಿಸಿಲು ಏರುವ ಹೊತ್ತಿಗೆ ಮತ್ತೆ ಚಿಗುರಿ ನಿಲ್ಲುತ್ತದೆ, ಹೊಂಗೆ ನೆರಳಿನ ಮಾತು ಹಿರಿಯರು ಸುಮ್ನೆ ಆಡಿದ್ದಲ್ಲ.

ಈಗ ತಾರಸಿ. ನನ್ನ ಪ್ರಕಾರ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಇಲ್ಲೇ. ನಾವು ಫಿಲ್ಲರ್ ಸ್ಲ್ಯಾಬ್ ಹಾಕಿಸಿದೆವು, ಕೇರಳದಲ್ಲಿ ವಾಸ್ತುಶಿಲ್ಪಿ ಲಾರಿ ಬೇಕರ್ ಜನಪ್ರಿಯ ಮಾಡಿದ ಪದ್ಧತಿ. ಆರ್‌ಸಿಸಿ, ಅಂದರೆ ಕಬ್ಬಿಣದ ಕಂಬಿ ಹಾಕಿದ ಕಾಂಕ್ರೀಟ್, ಬಾಗುವಾಗ ಮೇಲಿನ ಭಾಗ ಒತ್ತಡ ತಡೆಯುತ್ತದೆ, ಕೆಳಗಿನ ಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ. ಅಲ್ಲಿ ಕಂಬಿಗಳ ನಡುವೆ ಇರುವ ಕಾಂಕ್ರೀಟಿಗೆ ಹೆಚ್ಚು ಕೆಲಸ ಇಲ್ಲ. ಆ ಜಾಗದಲ್ಲಿ ಮಂಗಳೂರು ಹೆಂಚನ್ನು ಒಂದರ ಮೇಲೊಂದು ಜೋಡಿಯಾಗಿ ಕೂರಿಸುತ್ತಾರೆ. ಸಿಮೆಂಟು ಉಳಿಯುತ್ತದೆ, ಜೋಡಿ ಹೆಂಚಿನ ನಡುವೆ ಸಿಕ್ಕ ಗಾಳಿ ಬಿಸಿಯನ್ನು ತಡೆಯುತ್ತದೆ. ಆದರೆ ಕಂಬಿಯ ಅಂತರ ಸ್ಟ್ರಕ್ಚರಲ್ ಇಂಜಿನಿಯರೇ ಲೆಕ್ಕ ಹಾಕಿ ಕೊಡಬೇಕು, ಅಂದಾಜಿನಲ್ಲಿ ಮಾಡುವ ಕೆಲಸ ಅಲ್ಲವೇ ಅಲ್ಲ.

ನಮ್ಮಲ್ಲಿ ಆದ ತಪ್ಪು ಕೇಳಿ. ಹೆಂಚನ್ನು ಚೆನ್ನಾಗಿ ನೀರಲ್ಲಿ ನೆನೆಸಿ ಇಡಬೇಕು, ಇಲ್ಲದಿದ್ದರೆ ಕಾಂಕ್ರೀಟಿನ ನೀರನ್ನು ಅದೇ ಕುಡಿದುಬಿಡುತ್ತದೆ. ಮೋಲ್ಡ್, ಅಂದರೆ ತಾರಸಿಗೆ ಕಾಂಕ್ರೀಟ್, ಹಾಕುವ ದಿನ ಬೆಳಿಗ್ಗೆ ಡ್ರಮ್ಮಿನಲ್ಲಿ ನೆನೆಸಿದ್ದು ಸಾಲಲಿಲ್ಲ. ಮೇಸ್ತ್ರಿ, "ಬಿಡಿ ಸಾರ್, ಕಾಂಕ್ರೀಟಲ್ಲೇ ನೀರಿರುತ್ತೆ" ಅಂದರು, ಮಿಕ್ಸರ್ ಆಗಲೇ ತಿರುಗುತ್ತಿತ್ತು, ನಾನೂ ಹೂಂ ಅಂದೆ. ಮೂರು ವಾರ ಬಿಟ್ಟು ಕೆಳಗೆ ಆಸರೆ ಕೊಟ್ಟಿದ್ದ ಸೆಂಟ್ರಿಂಗ್ ಬಿಚ್ಚಿದಾಗ ನೋಡಿದರೆ, ಒಣ ಹೆಂಚು ಇಟ್ಟ ಮೂಲೆಯಲ್ಲಿ ಮಾತ್ರ ಅಂಚಿಗೆ ಕಾಂಕ್ರೀಟ್ ಸರಿಯಾಗಿ ಕೂತಿರಲಿಲ್ಲ, ಬೆರಳಿಟ್ಟರೆ ತರಿ ತರಿ ಉದುರುತ್ತಿತ್ತು. ಇಂಜಿನಿಯರ್ ಬಂದು ಪರೀಕ್ಷೆ ಮಾಡಿ, ತುಂಬಿಸಿ ಸರಿ ಮಾಡಿಸಿದರು. ಹಾಗಾಗಿ ಹಿಂದಿನ ರಾತ್ರಿಯೇ ಅಷ್ಟೂ ಹೆಂಚು ನೆನೆಯಲಿ. ಆಳುಗಳು ಓಡಾಡುವುದಕ್ಕೆ ಹಲಗೆ ಹಾಕಿಸಿ, ಇಲ್ಲದಿದ್ದರೆ ಕಾಲಿಗೆ ಸಿಕ್ಕಿ ಹೆಂಚು ಒಡೆಯುತ್ತದೆ, ಜಾಗ ಬಿಟ್ಟು ಸರಿಯುತ್ತದೆ. ಫ್ಯಾನ್ ಬಾಕ್ಸ್ ಎಲ್ಲಿ ಬರುತ್ತದೆ ಅನ್ನುವುದನ್ನು ಹೆಂಚು ಜೋಡಿಸುವ ಮುಂಚೆಯೇ ಗುರುತು ಮಾಡಿ. ನೀರು ಹಾಕಿ ಗಟ್ಟಿ ಮಾಡುವ ಕ್ಯೂರಿಂಗ್ ಎಲ್ಲಾ ಮುಗಿದ ಮೇಲೆ ತಾರಸಿಗೆ ಬಿಳಿ ಬಣ್ಣ ಹೊಡೆಸಿ, ಇದು ಹಳೆ ಮನೆಯವರೂ ಇವತ್ತೇ ಮಾಡಬಹುದಾದ ಕೆಲಸ.

ಗೋಡೆಗೆ ಎರಡು ಆಯ್ಕೆ ನೋಡಿದೆವು. ಒಂದು ಮಣ್ಣಿನ ಬ್ಲಾಕ್. ಕೆಂಪು ಮಣ್ಣು, ಮರಳಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟ್ ಬೆರೆಸಿ ಮಿಷಿನ್ನಿನಲ್ಲಿ ಒತ್ತಿ, ಸುಡದೆ, ಮೂರು ವಾರ ನೀರು ಹಾಕಿ ಗಟ್ಟಿ ಮಾಡುವುದು. ಕಪ್ಪು ಮಣ್ಣಿನ ಜಾಗದವರು ಇದಕ್ಕೆ ಕೈ ಹಾಕಬೇಡಿ, ಅದು ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ. ಇನ್ನೊಂದು ರ‍್ಯಾಟ್ ಟ್ರ್ಯಾಪ್, ಇಟ್ಟಿಗೆಯನ್ನು ಅಂಚಿನ ಮೇಲೆ ನಿಲ್ಲಿಸಿ ನಡುವೆ ಟೊಳ್ಳು ಬಿಟ್ಟು ಕಟ್ಟುವುದು. ಕಾಲು ಭಾಗದಷ್ಟು ಇಟ್ಟಿಗೆ ಉಳಿಯುತ್ತದೆ, ಆದರೆ ಇಟ್ಟಿಗೆಯೆಲ್ಲ ಒಂದೇ ಅಳತೆಯಲ್ಲಿರಬೇಕು. ನಮಗೆ ಸಿಕ್ಕ ನಾಟಿ ಇಟ್ಟಿಗೆ ಹಾಗಿರಲಿಲ್ಲ, ಅದಕ್ಕೆ ಮಣ್ಣಿನ ಬ್ಲಾಕಿಗೇ ಹೋದೆವು.

ಗಾಳಿಯ ಪಾಠ ಹೇಳಿಕೊಟ್ಟಿದ್ದು ನಮ್ಮವ್ವ. ಅವರು ಬೆಳೆದದ್ದು ಮಂಡ್ಯ ಕಡೆಯ ತೊಟ್ಟಿ ಮನೆಯಲ್ಲಿ. ಪ್ಲಾನ್ ತೋರಿಸಿ ಕಿಟಕಿಗಳ ಮೇಲೆ ಬೆರಳಿಟ್ಟು ವಿವರಿಸಿದೆ. "ಗಾಳಿ ಬರೋಕೆ ದಾರಿ ಮಾಡಿದ್ದೀಯ, ಹೋಗೋಕೆ ಎಲ್ಲಿದೆ ಮಗಾ?" ಅಂದರು. ತೊಟ್ಟಿಯಲ್ಲಿ ಬಿಸಿ ಗಾಳಿ ಮೇಲಕ್ಕೆ ಹೋಗುತ್ತದೆ, ಸುತ್ತಲ ಕೋಣೆಗಳಿಂದ ತಂಪು ಗಾಳಿ ಆ ಜಾಗ ತುಂಬುತ್ತದೆ. 30×40ರಲ್ಲಿ ತೊಟ್ಟಿ ಎಲ್ಲಿಂದ ಬರಬೇಕು? ಮೆಟ್ಟಿಲ ಮೇಲಿನ ಹೆಡ್‌ರೂಮಿನ ಗೋಡೆಯಲ್ಲಿ ಎರಡು ಕಡೆ ಜಾಲಿ ಬಿಟ್ಟೆವು, ಅದೇ ನಮ್ಮ ತೊಟ್ಟಿ. ಸಂಜೆ ಕೆಳಗಿನ ಕಿಟಕಿ ತೆಗೆದರೆ ಮೆಟ್ಟಿಲಲ್ಲಿ ಗಾಳಿ ಹತ್ತುವುದು ಮುಖಕ್ಕೇ ಗೊತ್ತಾಗುತ್ತದೆ. ಜಾಲಿಗೂ ಕಿಟಕಿಗಳಿಗೂ ಸೊಳ್ಳೆ ಪರದೆಯನ್ನು ಮೊದಲ ದಿನವೇ ಹಾಕಿಸಿ. ಆಮೇಲೆ ನೋಡೋಣ ಅಂದರೆ ಆರು ಗಂಟೆಗೆ ಎಲ್ಲಾ ಕಿಟಕಿ ಮುಚ್ಚುತ್ತೀರಿ, ತಂಪು ಗಾಳಿ ಶುರುವಾಗುವುದೇ ಆ ಹೊತ್ತಿಗೆ.

ಇಷ್ಟಾದ ಮೇಲೆ ಮಿಷಿನ್ನುಗಳ ಮಾತು. ಹಳೆ ಫ್ಯಾನು ಸುಮಾರು 75 ವ್ಯಾಟ್ ಎಳೆಯುತ್ತದೆ, ಹೊಸ ತರದ ಮೋಟಾರಿನ ಬಿಎಲ್‌ಡಿಸಿ ಫ್ಯಾನು 30ರ ಆಸುಪಾಸು. ನಾಲ್ಕು ಫ್ಯಾನು ದಿನಕ್ಕೆ ಹತ್ತು ಗಂಟೆ ತಿರುಗಿದರೆ ತಿಂಗಳಿಗೆ 54 ಯೂನಿಟ್ ಉಳಿತಾಯ. ಬಿಸಿ ನೀರಿನ ಸೋಲಾರ್ ಬಾತ್‌ರೂಮಿನ ನೇರ ಮೇಲೇ ಬರಲಿ, ಪೈಪು ಉದ್ದವಾದಷ್ಟೂ ಬೆಳಿಗ್ಗೆ ತಣ್ಣೀರು ಸುಮ್ನೆ ಚೆಲ್ಲಬೇಕಾಗುತ್ತದೆ. ಬೋರ್ ನೀರು ಬಳಸುವವರು ಮೊದಲು ಗಡಸುತನ ಪರೀಕ್ಷೆ ಮಾಡಿಸಿ. ಗಾಜಿನ ಕೊಳವೆಯೊಳಗೆ ಬಿಳಿ ಸುಣ್ಣ ಕಟ್ಟಿಕೊಂಡರೆ ನೀರು ಕಾಯುವುದೇ ನಿಧಾನವಾಗುತ್ತದೆ.

ಕರೆಂಟಿನ ಸೋಲಾರಿಗೆ ಒಂದು ಕಿಲೋವ್ಯಾಟಿಗೆ ದಿನಕ್ಕೆ ಸರಾಸರಿ ನಾಲ್ಕು ಯೂನಿಟ್ ಲೆಕ್ಕ ಇಟ್ಟುಕೊಳ್ಳಿ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಬ್ಸಿಡಿ ಇಟ್ಟರು. ಗೃಹಜ್ಯೋತಿಯಲ್ಲಿ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ಲೆಕ್ಕವೇ ಬೇರೆ, ಒಂದು ವರ್ಷದ ಬಿಲ್ಲುಗಳನ್ನು ಮುಂದಿಟ್ಟುಕೊಂಡು ಕೂಡಿಸಿ ನೋಡಿ. ಈಗ ದುಡ್ಡಿಲ್ಲದಿದ್ದರೂ ಪರವಾಗಿಲ್ಲ, ಎರಡು ಕೆಲಸ ಮಾತ್ರ ಕಟ್ಟುವಾಗಲೇ ಮುಗಿಸಿ. ನೀರಿನ ಟ್ಯಾಂಕು, ಹೆಡ್‌ರೂಮು ತಾರಸಿಯ ಉತ್ತರದ ಕಡೆಗೆ ಬರಲಿ, ದಕ್ಷಿಣಕ್ಕಿದ್ದರೆ ಚಳಿಗಾಲದಲ್ಲಿ ಅವುಗಳ ನೆರಳು ಪ್ಯಾನೆಲ್ ಮೇಲೇ ಬೀಳುತ್ತದೆ. ಮತ್ತೆ ತಾರಸಿಯಿಂದ ಮೀಟರ್ ಬೋರ್ಡಿನವರೆಗೆ, ಮುಂದೆ ಸೋಲಾರ್ ವೈರು ಎಳೆಯುವುದಕ್ಕೆ, ಎರಡು ಖಾಲಿ ಪೈಪು ಗೋಡೆಯೊಳಗೆ ಇಳಿಸಿ, ಒಳಗೊಂದು ದಾರ ಎಳೆದು, ಎರಡೂ ತುದಿಗೆ ಬಿರಡೆ ಹಾಕಿಸಿ.