ಪೊಲೊನ್ನರುವ: ಸೈಕಲ್ ಮೇಲೆ, ಉತ್ತರದ ತುದಿಯಿಂದ ಶುರು ಮಾಡಿ

ಕಳೆದ ಜುಲೈನಲ್ಲಿ ನಾನೂ ನಮ್ಮಕ್ಕನೂ ಶ್ರೀಲಂಕಾದ ಪಾಳುಬಿದ್ದ ಹಳೇ ರಾಜಧಾನಿ ಪೊಲೊನ್ನರುವವನ್ನು ಒಂದೇ ದಿನದಲ್ಲಿ, ಒಂದೇ ಟಿಕೆಟ್‌ನಲ್ಲಿ, ಬಾಡಿಗೆ ಸೈಕಲ್ ತುಳಿದು ಪೂರ್ತಿ ನೋಡಿ ಬಂದೆವು. ಪೂರ್ತಿ ಅಂದರೆ ಉತ್ತರದ ತುದಿಯ ತಿವಂಕ ಪ್ರತಿಮಾಗೃಹದಿಂದ ದಕ್ಷಿಣದಲ್ಲಿ ಕೆರೆ ಏರಿ ಪಕ್ಕದ ಪೊತ್ಗುಲ್ ವಿಹಾರದವರೆಗೆ. ಅಕ್ಕನಿಗೆ 58 ವರ್ಷ. ಬಲ ಮಂಡಿ ನೋವಿದೆ. ಹೋಗುವ ಮುಂಚೆ ನಮ್ಮ ಸೈಕಲ್ ಬಳಗದಲ್ಲಿ ಒಬ್ಬರೂ ಇದು ಆಗುತ್ತೆ ಅನ್ನಲಿಲ್ಲ. "ಸುಮ್ನೆ ಕಾರ್ ಮಾಡಿಕೊಂಡು ಹೋಗು, ಆ ಬಿಸಿಲಲ್ಲಿ ಅವರನ್ನ ಯಾಕೆ ಗೋಳಾಡಿಸ್ತೀಯ" ಅಂದವರೇ ಜಾಸ್ತಿ. ಈಗ ಅವರೇ ಹೇಗೆ ಮಾಡಿದೆ ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ವೀಸಾ, ವಿಮಾನ, ಸೈಕಲ್ ಬ್ರೇಕು ಚೈನು ನೋಡಿಕೊಳ್ಳುವುದು, ಇದೆಲ್ಲ ನಿಮಗೆ ಗೊತ್ತಿರುವುದೇ. ನೇರ ವಿಷಯಕ್ಕೆ ಬರುತ್ತೇನೆ.

ಮೊದಲ ಸಲ ಹೋಗಿದ್ದು 2018ರಲ್ಲಿ. ಆಫೀಸಿನ ಐದು ಜನ, ಒಂದು ಕಾರು, ಕೊಲಂಬೊದಿಂದ ನಸುಕಿನಲ್ಲೇ ಹೊರಟು ಸಿಗಿರಿಯಾ ಬಂಡೆ ಹತ್ತಿ ಇಳಿದು ಪೊಲೊನ್ನರುವ ಮುಟ್ಟುವಾಗ ಮಧ್ಯಾಹ್ನ ಒಂದು ಗಂಟೆ. ಡ್ರೈವರ್ ಒಂದೂವರೆ ಗಂಟೆ ಕೊಟ್ಟರು. ಅಲ್ಲಿ ಬರೀ ಗುಡಿಗಳಲ್ಲ, ಬುದ್ಧನಿದ್ದ ಪಾಳುಕಟ್ಟಡಕ್ಕೂ ಚಪ್ಪಲಿ, ಟೋಪಿ ಎರಡೂ ತೆಗೆಯಲೇಬೇಕು. ಒಂದು ಗಂಟೆ ಬಿಸಿಲಿಗೆ ವಟದಾಗೆಯ (ಅಲ್ಲಿನ ದುಂಡನೆಯ ಬುದ್ಧನ ಗುಡಿ) ಕಲ್ಲು ಹಾಸು ರೊಟ್ಟಿ ಕಾವಲಿಯ ಹಾಗೆ ಕಾದಿತ್ತು. ನೆರಳಿಂದ ನೆರಳಿಗೆ ಓಡಿದ್ದು ಬಿಟ್ಟರೆ ನೋಡಿದ್ದು ಏನೂ ನೆನಪಿಲ್ಲ. ಎಲ್ಲಕ್ಕಿಂತ ಬೇಜಾರಾಗಿದ್ದು ದುಡ್ಡಿಗೆ. ಭಾರತವೂ ಸೇರಿದ ಸಾರ್ಕ್ ದೇಶದವರಿಗೆ ಟಿಕೆಟ್ ಅರ್ಧ ಬೆಲೆ, ಆದರೆ ಪಾಸ್‌ಪೋರ್ಟ್ ತೋರಿಸಬೇಕು. ನಮ್ಮ ಪಾಸ್‌ಪೋರ್ಟ್ ಕೊಲಂಬೊ ಹೋಟೆಲ್‌ನಲ್ಲಿ ಭದ್ರವಾಗಿತ್ತು! ಸಿಗಿರಿಯಾ, ಪೊಲೊನ್ನರುವ ಎರಡೂ ಸೇರಿ ತಲಾ ಎರಡು ಸಾವಿರದ ಹತ್ತಿರ ಜಾಸ್ತಿ ಕೊಟ್ಟೆವು.

ಎರಡನೇ ಸಲ 2019ರ ಡಿಸೆಂಬರ್, ಒಬ್ಬನೇ. ಪಾಸ್‌ಪೋರ್ಟ್ ಜೇಬಿನಲ್ಲಿತ್ತು, ಸೈಕಲ್ ಕೂಡ ತೆಗೆದುಕೊಂಡೆ. ಆದರೂ ಕೆಟ್ಟಿತು. ಎಲ್ಲರೂ ಮಾಡುವ ಹಾಗೆ ದಕ್ಷಿಣದಿಂದ ಶುರು ಮಾಡಿದೆ. ಮ್ಯೂಸಿಯಂನಲ್ಲಿ ಟಿಕೆಟ್, ಆಮೇಲೆ ರಾಜ ಪರಾಕ್ರಮಬಾಹುವಿನ ಅರಮನೆ. ಅರಮನೆಗೆ ಒಂದು ಕಾಲದಲ್ಲಿ ಏಳು ಅಂತಸ್ತಿತ್ತಂತೆ, ಈಗ ಉಳಿದ ಇಟ್ಟಿಗೆ ಗೋಡೆಯ ದಪ್ಪವೇ ಮೂರು ಮೀಟರ್. ಅದರ ಎದುರಿನ ಸಭಾಮಂಟಪದ ಬುಡದಲ್ಲಿ ಆನೆಗಳ ಸಾಲು, ಒಂದರ ಹಾಗೆ ಇನ್ನೊಂದಿಲ್ಲ. ಹಾಸನದ ಕಡೆ ಹುಟ್ಟಿ ಬೇಲೂರು ಹಳೇಬೀಡಿನ ಆನೆ ಸಾಲು ನೋಡುತ್ತಾ ಬೆಳೆದವನು ನಾನು, ಅಲ್ಲೇ ಕೂತುಬಿಟ್ಟೆ. ಆಮೇಲೆ ಚೌಕದ ಗುಂಪು (ಕ್ವಾಡ್ರಾಂಗಲ್, ವಟದಾಗೆಯೂ ಸೇರಿ ಹಳೇ ಗುಡಿಗಳು ಒತ್ತಾಗಿರುವ ಜಾಗ), ಅಲ್ಲಿ ಎರಡೂವರೆ ಗಂಟೆ. ಹನ್ನೆರಡಾಯಿತು, ಚೈನ್ ಕಿತ್ತುಕೊಂಡಿತು, ಒಂದು ಗಂಟೆಗೆ ಮಳೆ ಹಿಡಿಯಿತು. ಆ ಕಡೆ ಈಶಾನ್ಯ ಮಾರುತದ ಮಳೆ ಡಿಸೆಂಬರ್ ಜನವರಿಯಲ್ಲೇ ಜೋರು, ಅದನ್ನು ನೋಡಿಕೊಳ್ಳದೆ ಟಿಕೆಟ್ ಮಾಡಿದ್ದು ನನ್ನ ತಪ್ಪು. ಬಂಡೆಯಲ್ಲಿ ಕೆತ್ತಿದ ಬುದ್ಧರಿರುವ ಗಲ್ ವಿಹಾರದಲ್ಲಿ ಇಪ್ಪತ್ತು ನಿಮಿಷ ನೆನೆಯುತ್ತಾ ನಿಂತೆ. ತಿವಂಕಕ್ಕೆ ಹೋಗಲೇ ಇಲ್ಲ. ಆ ರಾತ್ರಿ ರೂಮಿನಲ್ಲಿ ಕೂತು ನಕ್ಷೆ ಬರೆದುಕೊಂಡಾಗ ಗೊತ್ತಾಯಿತು, ನಾನು ಇಡೀ ಊರನ್ನು ತಿರುಗುಮುರುಗು ನೋಡಿದ್ದೇನೆ ಅಂತ.

ಅರಮನೆಯಿಂದ ತಿವಂಕಕ್ಕೆ ಒಳಗಿನ ರಸ್ತೆಯಲ್ಲಿ ಹೆಚ್ಚುಕಡಿಮೆ ನಾಲ್ಕು ಕಿಲೋಮೀಟರ್, ಸಮತಟ್ಟು. ಬಸ್ಸಿನವರೂ ಕಾರಿನವರೂ ದಕ್ಷಿಣದಿಂದ ಮೇಲಕ್ಕೆ ಬರುತ್ತಾರೆ. ಹಾಗಾಗಿ ಬೆಳಗ್ಗೆ ಕಾಲಲ್ಲಿ ಕಸುವಿರುವಾಗಲೇ ಎಲ್ಲೂ ನಿಲ್ಲದೆ ತುದಿಗೆ ಹೋಗಿಬಿಡಬೇಕು, ಹತ್ತೂವರೆಯವರೆಗೆ ಇಳಿಯುತ್ತಾ ನೋಡಬೇಕು, ನಡು ಮಧ್ಯಾಹ್ನ ಹೊರಗೆ ಬಂದು ಮಲಗಬೇಕು, ನಾಲ್ಕಕ್ಕೆ ಮತ್ತೆ ಒಳಗೆ. ನನ್ನ ಕ್ರಮ ಇಷ್ಟೇ. ಕೇಳಲು ಸಲೀಸು. ತೊಡಕು ಇರುವುದು "ಮತ್ತೆ ಒಳಗೆ" ಅನ್ನುವಲ್ಲಿ, ಯಾಕೆಂದರೆ ಟಿಕೆಟ್ ಒಂದು ಪ್ರವೇಶಕ್ಕೆ ಮಾತ್ರ. ಆದರೆ ಹೊರಡುವಾಗ ಟಿಕೆಟ್ ನೋಡುವವರ ಹತ್ತಿರ ಹೋಗಿ, ಮಧ್ಯಾಹ್ನ ವಾಪಸ್ ಬರುತ್ತೇವೆ ಅಂತ ಹೇಳಿ, ಟಿಕೆಟ್ ಮೇಲೆ ತಾರೀಖು ಹಾಕಿ ಸಹಿ ಮಾಡಿಸಿಕೊಂಡರೆ ಬಿಡುತ್ತಾರೆ. ನಮಗೆ ಬಿಟ್ಟರು. ಸುಮ್ನೆ ಹೊರಟುಹೋಗಿ ಆಮೇಲೆ ವಾದಕ್ಕೆ ನಿಲ್ಲಬೇಡಿ.

ಕಾಲಿಗೆ ಸಾಕ್ಸ್. ಚಪ್ಪಲಿ ಬೇಡ ಅಂತಾರೆಯೇ ಹೊರತು ಸಾಕ್ಸ್ ಬೇಡ ಅನ್ನುವುದಿಲ್ಲ. ತೆಳು ನೈಲಾನ್ ಸಾಕ್ಸ್ ಪ್ರಯೋಜನವಿಲ್ಲ, ದಪ್ಪ ಹತ್ತಿಯದ್ದೇ ಆಗಬೇಕು, ಮೂರು ಜೊತೆ ಇಟ್ಟುಕೊಳ್ಳಿ. ಸಾಕ್ಸ್ ಒಳಗೆ ಅಂಗಾಲಿಗೆ ನಾನು ಇನ್ನೊಂದು ಇಡುತ್ತೇನೆ, ಮನೆಯಲ್ಲೇ ಹೊಲಿದದ್ದು. ಅದನ್ನು ಕಂಡುಹಿಡಿಯಲು ನನಗೆ ಎರಡು ಪ್ರವಾಸ ಹಿಡಿಯಿತು, ಅದನ್ನು ಇಲ್ಲಿ ಬರೆಯುವುದಿಲ್ಲ.

ಅಕ್ಕನ ಮಂಡಿಗೆ ಮಾಡಿದ್ದು ಸೀಟು ಎತ್ತಿದ್ದು ಮಾತ್ರ. ಬಾಡಿಗೆ ಸೈಕಲ್ ಎಲ್ಲದರಲ್ಲೂ ಸೀಟು ತಗ್ಗಿಸಿರುತ್ತಾರೆ, ಮಂಡಿ ಜಾಸ್ತಿ ಮಡಚಿ ನೋವು ಬರುತ್ತೆ. ನನ್ನ ಸ್ಪ್ಯಾನರ್ ಮನೆಯಿಂದಲೇ ತಗೊಂಡು ಹೋಗಿದ್ದೆ (ಕೈಬ್ಯಾಗಿನಲ್ಲಲ್ಲ, ಲಗೇಜಿನಲ್ಲಿ ಹಾಕಬೇಕು). ಎರಡು ಇಂಚು ಎತ್ತಿದೆ. "ಇಷ್ಟೆತ್ತರ ಕೂತರೆ ಬೀಳ್ತೀನಿ ಕಣೋ" ಅಂದಳು. ಹಿಂದಿನ ದಿನ ಸಂಜೆ ಪರಾಕ್ರಮ ಸಮುದ್ರದ ಏರಿ ಮೇಲೆ ಅರ್ಧ ಗಂಟೆ ಓಡಿಸಿದ ಮೇಲೆ ಹೆದರಿಕೆ ಹೋಯಿತು. ಸಮುದ್ರ ಅಂದರೆ ಕೆರೆ. 12ನೇ ಶತಮಾನದಲ್ಲಿ ಪರಾಕ್ರಮಬಾಹು ಕಟ್ಟಿಸಿದ್ದು. ಬಿದ್ದ ಮಳೆ ಒಂದು ಹನಿಯೂ ಜನಕ್ಕೆ ಉಪಯೋಗವಾಗದೆ ಕಡಲಿಗೆ ಹೋಗಬಾರದು ಅಂದ ರಾಜ. ಇವತ್ತಿಗೂ ಅದರ ನೀರಿನಲ್ಲಿ ಭತ್ತ ಬೆಳೆಯುತ್ತಾರೆ. ಪಾಳುಬಿದ್ದ ರಾಜಧಾನಿಯಲ್ಲಿ ಪಾಳುಬೀಳದೆ ದುಡಿಯುತ್ತಿರುವುದು ಅದು, ನನಗೆ ಗುಡಿಗಳಷ್ಟೇ ಅದರ ಮೇಲೂ ಗೌರವ.

ಬೆಳಗ್ಗೆ ಮ್ಯೂಸಿಯಂ ಕೌಂಟರ್ ತೆರೆಯುವ ಹೊತ್ತಿಗೆ ಮೊದಲು ನಿಂತವರು ನಾವೇ. ಪಾಸ್‌ಪೋರ್ಟ್ ತೋರಿಸಿದೆವು, ಅರ್ಧ ಬೆಲೆ, ತಲಾ ಹದಿನೈದು ಡಾಲರ್ ಆಸುಪಾಸು. ಎಂಟಕ್ಕೆ ಮುಂಚೆ ತಿವಂಕದಲ್ಲಿದ್ದೆವು. ಕಾವಲಿನವರೊಬ್ಬರು, ನಾವಿಬ್ಬರು, ಮಂಗಗಳು. ತಿವಂಕ ಅಂದರೆ ಮೂರು ಬಾಗು, ಒಳಗಿನ ತಲೆಯಿಲ್ಲದ ಬುದ್ಧ ಹಾಗೆ ಬಾಗಿ ನಿಂತಿದ್ದಾನೆ. ಗೋಡೆ ಮೇಲೆ ಜಾತಕ ಕತೆಗಳ ಚಿತ್ರ. ಫೋಟೊ ತೆಗೆಯುವ ಹಾಗಿಲ್ಲ, ಅದೇ ಒಳ್ಳೆಯದಾಯಿತು, ಕಣ್ಣು ಕತ್ತಲಿಗೆ ಹೊಂದಿಕೊಳ್ಳುವವರೆಗೆ ಹತ್ತು ನಿಮಿಷ ಸುಮ್ಮನೆ ನಿಂತರೆ ಒಂದೊಂದೇ ಮುಖ ಗೋಡೆಯಿಂದ ಹೊರಗೆ ಬರುತ್ತೆ. ಜನ ತುಂಬಿರುವಾಗ ಆ ಹತ್ತು ನಿಮಿಷ ಸಿಗುವುದಿಲ್ಲ.

ಅಲ್ಲಿಂದ ಗಲ್ ವಿಹಾರಕ್ಕೆ ಒಂದು ಪ್ರಯೋಗ ಮಾಡಿದೆ. ಮುಂದಿನ ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ ಎಷ್ಟು ಸುತ್ತು ಅಂತ ಎಣಿಸಿದೆ. 26 ಇಂಚಿನ ಚಕ್ರ, ಸುತ್ತಿಗೆ ಎರಡು ಮೀಟರ್ ಚಿಲ್ಲರೆ. ಏಳುನೂರರ ಹತ್ತಿರ ಒಂದು ಮಂಗ ಅಕ್ಕನ ಬುಟ್ಟಿಯ ಬಾಳೆಹಣ್ಣಿಗೆ ಕೈಹಾಕಿತು, ಎಣಿಕೆ ತಪ್ಪಿತು. ಒಂದೂವರೆ ಕಿಲೋಮೀಟರ್ ಅಂತ ಇಟ್ಟುಕೊಳ್ಳಿ. ಬುಟ್ಟಿಯಲ್ಲಿ ತಿನ್ನುವುದು ಏನೂ ಕಾಣುವ ಹಾಗೆ ಇಡಬೇಡಿ.

ಗಲ್ ಅಂದರೆ ಸಿಂಹಳದಲ್ಲಿ ಕಲ್ಲು. ನಾವು "ಹಾಸುಗಲ್ಲು" ಅನ್ನುವಾಗ ಬರುವ ಗಲ್ಲು ಇದೆಯಲ್ಲ, ಹಾಗೇ ಕೇಳಿಸುತ್ತೆ. ಒಂದೇ ಬಂಡೆಯ ಮೈಯಲ್ಲಿ ಕೂತ ಬುದ್ಧ, ನಿಂತ ಮೂರ್ತಿ ಏಳು ಮೀಟರ್, ಮಲಗಿದ ಬುದ್ಧ ಹದಿನಾಲ್ಕು ಮೀಟರ್. ನಡುವೆ ಗುಹೆಯೊಳಗೆ ಇನ್ನೊಂದು. ಮಲಗಿದವನ ಪಾದದ ಹತ್ತಿರ ಹೋಗಿ ನೋಡಿ. ಎರಡು ಪಾದ ಸರಿಯಾಗಿ ಒಂದರ ಮೇಲೊಂದಿಲ್ಲ, ಮೇಲಿನದು ಒಂಚೂರು ಹಿಂದೆ ಸರಿದಿದೆ. ನಿದ್ದೆಯಲ್ಲ, ಪರಿನಿರ್ವಾಣ, ಅನ್ನುವುದಕ್ಕೆ ಅದೇ ಗುರುತು. ತಲೆಯ ಭಾರಕ್ಕೆ ದಿಂಬು ತಗ್ಗಿದೆ, ಕಲ್ಲಿನ ದಿಂಬು! ಅಕ್ಕ ಅಲ್ಲಿಂದ ಏಳಲೇ ಇಲ್ಲ. "ಅಪ್ಪ ಹೋದ ದಿನ ಹೀಗೇ ಮಲಗಿದ್ರು, ಅಲ್ವಾ" ಅಂದಳು. ಹೌದು ಅಂದೆ. ಮುಕ್ಕಾಲು ಗಂಟೆ ಕೂತಿದ್ದೆವು. ಮೊದಲ ಬಸ್ಸಿನ ಜನ ಬಂದಾಗ ಎದ್ದೆವು. ಒಂದು ಮಾತು, ಬುದ್ಧನಿಗೆ ಬೆನ್ನು ಹಾಕಿ ಫೋಟೊ ತೆಗೆಸಿಕೊಳ್ಳಬೇಡಿ, ಅವರಿಗೆ ತುಂಬಾ ನೋವಾಗುತ್ತೆ.

ಕಿರಿ ವೆಹೆರ ಸ್ತೂಪ, ಲಂಕಾತಿಲಕ ಪ್ರತಿಮಾಗೃಹ ಬೇಗ ಆಯಿತು. ರಂಕೊತ್ ವೆಹೆರ ಐವತ್ತು ಮೀಟರ್ ದಾಟಿದ ಇಟ್ಟಿಗೆ ಸ್ತೂಪ, ನೆರಳಿನ ಕಡೆಯಿಂದಷ್ಟೇ ಅರ್ಧ ಸುತ್ತು ಹಾಕಿದೆವು. ಹತ್ತೂ ಮುಕ್ಕಾಲಿಗೆ ಸಹಿ ಹಾಕಿಸಿಕೊಂಡು ಹೊರಗೆ.

ರೂಮಿನ ಮನೆಯಾಕೆ ನಮ್ಮಕ್ಕನನ್ನು "ಅಕ್ಕಾ" ಅಂತಲೇ ಕರೆದರು. ಸಿಂಹಳದಲ್ಲೂ ಅಕ್ಕ ಅಂದರೆ ಅಕ್ಕನೇ. ಆ ಒಂದು ಪದದ ಮೇಲೆ ಇಬ್ಬರೂ ಗೆಳತಿಯರಾಗಿ ನಮಗೆ ಊಟಕ್ಕೆ ಎರಡು ಪಲ್ಯ ಜಾಸ್ತಿ ಬಂತು. ಮೇಲೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಅದರ ಮೇಲೆ ಕಿತುಲ್ ಪಾಕ. ಕಿತುಲ್ ಅಂದರೆ ನಮ್ಮ ಬಗನಿ ಮರ. ನಾನು ಪಾಕದ ಬದಲು ನಮ್ಮ ಜೋನಿ ಬೆಲ್ಲ ಹಾಕಿ ನೋಡಬೇಕು ಅಂತ ಒಂದು ಸಣ್ಣ ಬಾಟಲಿ ತಗೊಂಡು ಹೋಗಿದ್ದೆ. ಹೋಲಿಸಿ ತಿಂದೆವು. ಕಿತುಲ್‌ಗೆ ಹೊಗೆಯ ವಾಸನೆ ಇದೆ, ಅದೇ ಗೆದ್ದಿತು.

ಎರಡೂವರೆಗೆ ಮ್ಯೂಸಿಯಂ, ಒಳಗೆ ನೆರಳು. ನಾಲ್ಕಕ್ಕೆ ಚೌಕದ ಗುಂಪು. ನನ್ನ ಲೆಕ್ಕ ಇಲ್ಲಿ ಸರಿಹೋಯಿತು. ವಟದಾಗೆಯ ಕಲ್ಲು ಬೆಚ್ಚಗಿತ್ತು, ಸುಡುತ್ತಿರಲಿಲ್ಲ. ಮೆಟ್ಟಿಲ ಬುಡದ ಚಂದ್ರಶಿಲೆ, ಅಂದರೆ ಅರ್ಧಚಂದ್ರದ ಆಕಾರದ ಕೆತ್ತನೆ ಕಲ್ಲು, ನೋಡಿ: ಇದಕ್ಕೂ ಹಿಂದಿನ ರಾಜಧಾನಿ ಅನುರಾಧಪುರದಲ್ಲಿ ಅದರ ಮೇಲೆ ಎತ್ತು ಕೆತ್ತಿರುತ್ತಾರೆ, ಇಲ್ಲಿ ಎತ್ತಿಲ್ಲ. ಹಿಂದೂಗಳು ಪೂಜಿಸುವ ನಂದಿಯನ್ನು ತುಳಿಯಬಾರದು ಅಂತ ಬಿಟ್ಟರು ಅನ್ನುತ್ತಾರೆ. ಎದುರಿಗೆ ರಾಜ ನಿಶ್ಶಂಕಮಲ್ಲ ಮಿಹಿಂತಲೆಯಿಂದ ತರಿಸಿದ ಗಲ್ ಪೊತ, ಕಲ್ಲಿನ ಪುಸ್ತಕ, ಸುಮಾರು 25 ಟನ್.

ನಾನು ಅಕ್ಕನಿಗೆ ತೋರಿಸಲೇಬೇಕು ಅಂತಿದ್ದದ್ದು ಅಟದಾಗೆ. ಜನ ಅದರ ಕಂಬಗಳನ್ನು ನೋಡಿ ಮುಂದೆ ಹೋಗುತ್ತಾರೆ. ಚೋಳರನ್ನು 1070ರಲ್ಲಿ ಓಡಿಸಿದ ರಾಜ ಒಂದನೇ ವಿಜಯಬಾಹು ಬುದ್ಧನ ದಂತಧಾತುವಿಗೆ, ಅಂದರೆ ಪೂಜೆಗೆ ಇಟ್ಟ ಬುದ್ಧನ ಹಲ್ಲಿಗೆ, ಕಟ್ಟಿಸಿದ್ದು. ಅದೇ ರಾಜ ನಮ್ಮ ಕರ್ನಾಟದ ದೊರೆಗೆ, ಅಂದರೆ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನಿಗೆ, ಕಾಣಿಕೆ ಕೊಟ್ಟು ದೂತರನ್ನು ಕಳಿಸಿದ್ದ. ಚೋಳರ ನಾಡಿನಲ್ಲಿ ಆ ದೂತರ ಕಿವಿ ಮೂಗು ಕತ್ತರಿಸಿದರು ಅಂತ ಲಂಕೆಯ ಹಳೇ ಇತಿಹಾಸಗ್ರಂಥ ಚೂಳವಂಶ ಹೇಳುತ್ತೆ. ಸೇಡಿಗೆ ವಿಜಯಬಾಹು ಸೈನ್ಯ ಹೊರಡಿಸಿದರೆ ಅವನ ಕೂಲಿ ಸೈನಿಕರ ವೇಳೈಕ್ಕಾರ ಪಡೆಯೇ ತಿರುಗಿಬಿದ್ದು ಅರಮನೆಗೆ ಬೆಂಕಿ ಇಟ್ಟಿತು. ಅದೇ ವೇಳೈಕ್ಕಾರರು ಮುಂದೆ ದಂತಧಾತುವನ್ನು ಕಾಯುತ್ತೇವೆ ಅಂತ ಮಾತು ಕೊಟ್ಟ ತಮಿಳು ಶಾಸನ ಅಟದಾಗೆ ಪಕ್ಕದಲ್ಲೇ ನಿಂತಿದೆ. ಕಲ್ಯಾಣಕ್ಕೆ ಹೊರಟ ಕಾಣಿಕೆ ದಾರಿಯಲ್ಲೇ ನಿಂತ ಕತೆಯನ್ನು ಆ ಕಲ್ಲಿನ ಮುಂದೆ ಕೂತು ಕನ್ನಡದಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು.

ಆಮೇಲೆ ಶಿವ ದೇವಾಲಯ, ಅರಮನೆ ಆನೆಗಳು, ಐದೂ ಮುಕ್ಕಾಲಿಗೆ ಏರಿ ಹಿಡಿದು ಪೊತ್ಗುಲ್ ವಿಹಾರ. ಅಲ್ಲಿಗೆ ಟಿಕೆಟ್ ಬೇಡ, ಅದಕ್ಕೇ ಕೊನೆಗೆ ಇಟ್ಟಿದ್ದು. ಸೂರ್ಯ ಮುಳುಗುವುದನ್ನು ಏರಿ ಮೇಲೆ ಎಲ್ಲಿ ಕೂತು ನೋಡಿದೆವು ಅನ್ನುವುದನ್ನು ನೀವೇ ಹುಡುಕಿಕೊಳ್ಳಿ. ಇಡೀ ದಿನಕ್ಕೆ ಹದಿನೆಂಟು ಇಪ್ಪತ್ತು ಕಿಲೋಮೀಟರ್ ತುಳಿದಿರಬಹುದು. ಅಕ್ಕನ ಮಂಡಿ ಊದಲಿಲ್ಲ.

ಖರ್ಚು ನೆನಪಿನಿಂದ ಹೇಳುತ್ತೇನೆ, ಇಬ್ಬರಿಗೆ, ಅವರ ರೂಪಾಯಿಯಲ್ಲಿ. ಎರಡು ರಾತ್ರಿ ರೂಮು ಹತ್ತು ಸಾವಿರ, ಟಿಕೆಟ್ ಒಂಬತ್ತು ಸಾವಿರ, ಸೈಕಲ್ ಸಾವಿರದ ಇನ್ನೂರು, ಊಟ ತಿಂಡಿ ಐದು ಸಾವಿರ, ಕೊಲಂಬೊದಿಂದ ಬಸ್ಸು ಹೋಗಿ ಬರಲು ನಾಲ್ಕು ಸಾವಿರದ ಒಳಗೆ. ನಮ್ಮ ಒಂದು ರೂಪಾಯಿಗೆ ಅವರ ಮೂರೂವರೆ ಅಂತ ಹಿಡಿದರೆ ಎಂಟು ಸಾವಿರ ಚಿಲ್ಲರೆ. ವಿಮಾನ ಬೇರೆ. 2018ರಲ್ಲಿ ನನ್ನೊಬ್ಬನ ಪಾಲೇ ಒಂದು ದಿನಕ್ಕೆ ಇದರ ಹತ್ತಿರ ಹೋಗಿತ್ತು.

ವಾಪಸ್ ಬರುವಾಗ ಹಳೇ ಊರಿನ ಸ್ಟಾಪಿನಲ್ಲಿ ಕಾಯಬೇಡಿ, ಬಸ್ಸು ತುಂಬಿಕೊಂಡೇ ಬರುತ್ತೆ. ಕೊಲಂಬೊದಿಂದ ಹೋಗುವಾಗ ಇಳಿಯುವುದು ಹಳೇ ಊರಿನಲ್ಲಿ, ವಾಪಸ್ ಹೊರಡುವಾಗ ಹತ್ತುವುದು ನಾಲ್ಕು ಕಿಲೋಮೀಟರ್ ಆಚೆಯ ಕಡುರುವೆಲದಲ್ಲಿ. ಆಟೋ ಮಾಡಿಕೊಂಡು ಅಲ್ಲಿಗೇ ಹೋದೆವು. ಅಕ್ಕನಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಮನೆಯಾಕೆ ಕೊಟ್ಟ ಮೊಸರಿನ ಕುಡಿಕೆಯನ್ನು ಕೊಲಂಬೊವರೆಗೂ ಮಡಿಲಲ್ಲೇ ಇಟ್ಟುಕೊಂಡು ಬಂದಳು.