ಮನೆ ಸರ್ವರ್ ಶೇರ್ ಪದೇಪದೇ ಕೈಕೊಡ್ತಿದ್ಯಾ? ಸಾಂಬಾ ಕಾನ್ಫಿಗ್ ಆಮೇಲೆ ಮುಟ್ಟಿ

ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರೋ ಹಳೇ ಡೆಸ್ಕ್‌ಟಾಪೋ ತಗೊಂಡು ಲಿನಕ್ಸ್ ಹಾಕಿ, ಸಾಂಬಾ (ಲಿನಕ್ಸ್ ಡಿಸ್ಕನ್ನ ನೆಟ್‌ವರ್ಕಲ್ಲಿ ಬೇರೆ ಕಂಪ್ಯೂಟರ್‌ಗಳಿಗೆ ಹಂಚೋ ಸಾಫ್ಟ್‌ವೇರ್) ಹಾಕಿ, ಒಂದು ಯುಎಸ್‌ಬಿ ಹಾರ್ಡ್ ಡಿಸ್ಕ್ ಚುಚ್ಚಿ ಮನೆಯೋರಿಗೆಲ್ಲ ಶೇರ್ ಕೊಟ್ಟಿರ್ತೀರ, ಸ್ವಲ್ಪ ದಿನ ಚೆನ್ನಾಗೇ ನಡಿಯತ್ತೆ, ಆಮೇಲೆ ಶುರುವಾಗತ್ತೆ ನೋಡಿ, ಕಾಪಿ ಅರ್ಧಕ್ಕೇ ನಿಲ್ಲತ್ತೆ, ಫೋಲ್ಡರ್ ಓಪನ್ನೇ ಆಗಲ್ಲ, ರೀಸ್ಟಾರ್ಟ್ ಮಾಡಿದ್ರೆ ಮತ್ತೆ ಸರಿ. ಆಗ ಸುಮಾರು ಜನ ನೆಟ್ಟಲ್ಲಿ ಸಿಕ್ಕಿದ ಸಾಕೆಟ್ ಆಪ್ಷನ್ (ನೆಟ್‌ವರ್ಕ್ ಟ್ಯೂನಿಂಗ್) ಸಾಲುಗಳನ್ನ ಕಾನ್ಫಿಗ್‌ಗೆ ತುಂಬ್ತಾರೆ. ಬೇಡ. ಅವೆಲ್ಲ ಹಳೇ ಕಾಲದ್ದು, ಬಫರ್ (ಡೇಟಾ ತಾತ್ಕಾಲಿಕವಾಗಿ ಇಡೋ ಜಾಗ) ಸೈಜನ್ನ ಈಗಿನ ಕರ್ನೆಲ್ (ಲಿನಕ್ಸಿನ ತಿರುಳು) ತಾನೇ ನೋಡ್ಕೊಳ್ಳತ್ತೆ, ನೀವು ಕೈ ಹಾಕಿದ್ರೆ ಸ್ಪೀಡ್ ಕಮ್ಮಿ ಆಗ್ಬೋದು ಅಷ್ಟೆ.

ಶೇರ್ ಸತ್ತಾಗ ರೀಸ್ಟಾರ್ಟ್ ಮಾಡೋಕೆ ಮುಂಚೆ ಇನ್ನೊಂದು ಕಂಪ್ಯೂಟರಿಂದ ಸರ್ವರ್‌ನ ಐಪಿಗೆ (ನೆಟ್‌ವರ್ಕಲ್ಲಿ ಅದರ ನಂಬರ್ ವಿಳಾಸ), ಆಮೇಲೆ ಅದರ ಹೆಸರಿಗೆ ಪಿಂಗ್ ಮಾಡಿ, ಅಂದ್ರೆ ಉತ್ತರ ಬರತ್ತಾ ನೋಡಿ. ಐಪಿಗೇ ಉತ್ತರ ಬರಲ್ಲಾಂದ್ರೆ ಕೇಬಲ್, ವೈಫೈ, ಪವರ್ ಕಡೆ ನೋಡಿ. ಐಪಿಗೆ ಬರತ್ತೆ, ಹೆಸರಿಗೆ ಬರಲ್ಲ ಅಂದ್ರೆ ಹೆಸರಿನ ತಾಪತ್ರಯ. ಎರಡಕ್ಕೂ ಬರ್ತಿದೆ ಆದ್ರೂ ಫೋಲ್ಡರ್ ಹ್ಯಾಂಗ್ ಆಗ್ತಿದೆ ಅಂದ್ರೆ ನನ್ನ ಅನುಮಾನ ಮೊದಲು ಡಿಸ್ಕ್ ಮೇಲೆ.

ಸರ್ವರ್‌ಗೆ ಲಾಗಿನ್ ಆಗಿ ಕರ್ನೆಲ್ ಮೆಸೇಜ್ ನೋಡಿ, ಡಿಮೆಸ್ಗ್ (dmesg) ಕಮಾಂಡ್ ಸಾಕು. ಅಲ್ಲಿ ಅಂಡರ್‌ವೋಲ್ಟೇಜ್ (ಪವರ್ ಸಾಲ್ತಿಲ್ಲ), ಯುಎಸ್‌ಬಿ ಡಿಸ್ಕನೆಕ್ಟ್, ಐಒ ಎರರ್ (ಡಿಸ್ಕ್ ಓದೋಕೆ ಬರಿಯೋಕೆ ಆಗ್ಲಿಲ್ಲ) ಇವುಗಳಲ್ಲಿ ಯಾವುದಾದ್ರೂ ಕಂಡ್ರೆ ಸಾಂಬಾ ಪಾಪ ನಿರಪರಾಧಿ. ಪೈ 4ರಲ್ಲಿ ನಾಲ್ಕೂ ಯುಎಸ್‌ಬಿ ಪೋರ್ಟ್ ಸೇರಿ ಕೊಡೋದು 1.2 ಆಂಪಿಯರ್ ಮಾತ್ರ, ಪೋರ್ಟಬಲ್ ಹಾರ್ಡ್ ಡಿಸ್ಕ್ ಎರಡು ಹಾಕಿ ಫೋನ್ ಚಾರ್ಜರಲ್ಲಿ ಓಡಿಸಿದ್ರೆ ಒಂದಲ್ಲ ಒಂದು ಹೊತ್ತು ಬೀಳತ್ತೆ. 5.1 ವೋಲ್ಟ್ 3 ಆಂಪಿಯರ್ ಅಡಾಪ್ಟರ್ ತಗೊಳ್ಳಿ, ಡಿಸ್ಕ್‌ಗೆ ಬೇರೆ ಪವರ್ ಇರೋ ಯುಎಸ್‌ಬಿ ಹಬ್ ಹಾಕಿ.

ನಮ್ಮ ಕಡೆ ಕರೆಂಟ್ ಹೋಗಿ ಬಂದಾಗ ಆಗೋ ಇನ್ನೊಂದು ಆಟ ಇದೆ. ಡಿಸ್ಕ್ ಎದ್ದೇಳೋದು ನಿಧಾನ, ಸಾಂಬಾ ಮೊದಲೇ ಶುರುವಾಗಿಬಿಟ್ಟಿರತ್ತೆ, ಶೇರ್ ಓಪನ್ ಮಾಡಿದ್ರೆ ಖಾಲಿ ಫೋಲ್ಡರ್! ಫೈಲೆಲ್ಲ ಹೋಯ್ತು ಅಂತ ಎದೆ ಧಸಕ್ ಅನ್ನತ್ತೆ, ಆದ್ರೆ ಡಿಸ್ಕ್ ಮೌಂಟೇ ಆಗಿಲ್ಲ, ಅಂದ್ರೆ ಆ ಫೋಲ್ಡರ್‌ಗೆ ಇನ್ನೂ ಸೇರ್ಕೊಂಡಿಲ್ಲ ಅಷ್ಟೆ. ಇನ್ನೂ ಕೆಟ್ಟದ್ದು ಅಂದ್ರೆ ಯಾರೋ ಅಷ್ಟರಲ್ಲಿ ಫೋಟೋ ಕಾಪಿ ಮಾಡಿದ್ರೆ ಅದು ಸಿಸ್ಟಮ್ ಇರೋ ಎಸ್‌ಡಿ ಕಾರ್ಡ್‌ಗೆ ಹೋಗಿ ಕೂರತ್ತೆ, ಡಿಸ್ಕ್ ಮೌಂಟ್ ಆದ್ಮೇಲೆ ಕಣ್ಣಿಗೂ ಬೀಳಲ್ಲ. ಇದಕ್ಕೆ ಎಫ್‌ಎಸ್‌ಟ್ಯಾಬಲ್ಲಿ (fstab, ಯಾವ ಡಿಸ್ಕ್ ಎಲ್ಲಿ ಮೌಂಟ್ ಆಗ್ಬೇಕು ಅಂತ ಹೇಳೋ ಫೈಲ್) ಡಿಸ್ಕನ್ನ ಯುಯುಐಡಿಯಿಂದ (ಅದರ ಗುರುತಿನ ನಂಬರ್) ಬರೀರಿ, ಸಾಂಬಾ ಸರ್ವಿಸ್ ಫೈಲಲ್ಲಿ 'ರಿಕ್ವೈರ್ಸ್ ಮೌಂಟ್ಸ್ ಫಾರ್' (RequiresMountsFor=) ಸಾಲು ಸೇರಿಸಿ ಡಿಸ್ಕ್ ಮೌಂಟ್ ಆಗೋ ಫೋಲ್ಡರಿನ ಪೂರ್ತಿ ಪಾತ್ ಕೊಡಿ, ಮೌಂಟ್ ಆಗ್ದೆ ಸಾಂಬಾ ಏಳಲ್ಲ. ಜೊತೆಗೆ ಡಿಸ್ಕ್ ಅನ್‌ಮೌಂಟ್ ಇದ್ದಾಗ ಖಾಲಿ ಫೋಲ್ಡರ್‌ಗೆ ಚ್ಯಾಟರ್ ಕಮಾಂಡಿಂದ 'ಪ್ಲಸ್ ಐ' (chattr +i) ಹಾಕಿಬಿಡಿ, ಆಗ ಅದರೊಳಗೆ ಯಾರೂ ಏನೂ ಬರಿಯೋಕಾಗಲ್ಲ.

ಕರೆಂಟ್ ಬಂದ್ಮೇಲೆ ಐಪಿನೂ ಬದಲಾಗಿರ್ಬೋದು. ರೂಟರಲ್ಲಿ ಡಿಎಚ್‌ಸಿಪಿ ರಿಸರ್ವೇಶನ್ (ಸರ್ವರ್‌ಗೆ ಯಾವಾಗ್ಲೂ ಅದೇ ಐಪಿ ಸಿಗೋ ಸೆಟ್ಟಿಂಗ್) ಮಾಡಿ, ಡ್ರೈವ್ ಮ್ಯಾಪ್ ಮಾಡುವಾಗ ಹೆಸರು ಬಿಟ್ಟು ಐಪಿ ಕೊಡಿ, ಮುಗೀತು.

ನೆಟ್‌ವರ್ಕ್ ಲಿಸ್ಟಲ್ಲಿ ಸರ್ವರ್ ಕಾಣಲ್ಲ ಅಂತ ಎಸ್‌ಎಂಬಿ 1 (ಫೈಲ್ ಶೇರಿಂಗಿನ ಹಳೇ ಪ್ರೋಟೋಕಾಲ್) ಆನ್ ಮಾಡೋಕೆ ಹೋಗ್ಬೇಡಿ. ವಿಂಡೋಸ್ 10ರ 1709 ವರ್ಷನ್‌ನಿಂದ ಮೈಕ್ರೋಸಾಫ್ಟ್ ಅದನ್ನ ಹೊಸ ಇನ್‌ಸ್ಟಾಲಿಂದ ಹಂತ ಹಂತವಾಗಿ ತೆಗೀತಾ ಬಂದಿದೆ, 2017ರ ಮೇನಲ್ಲಿ ವಾನ್ನಾಕ್ರೈ ಅನ್ನೋ ವೈರಸ್ ಹರಡಿದ್ದೂ ಅದರ ತೂತಿಂದಾನೇ. ಲಿಸ್ಟಲ್ಲಿ ಕಾಣ್ಲೇಬೇಕು ಅಂದ್ರೆ ಸರ್ವರಲ್ಲಿ ಡಬ್ಲ್ಯುಎಸ್‌ಡಿಡಿ (wsdd, ಸರ್ವರನ್ನ ವಿಂಡೋಸ್ ಲಿಸ್ಟಲ್ಲಿ ತೋರಿಸೋ ಪ್ರೋಗ್ರಾಮ್) ಹಾಕಿ. ವಿಂಡೋಸ್ 11 ಪ್ರೊ 24ಎಚ್2ಗೆ ಅಪ್‌ಡೇಟ್ ಆದ್ಮೇಲೆ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ನಿಂತೋಗಿದ್ರೆ ಅದು ಹಾಳಾಗಿಲ್ಲ, ಗೆಸ್ಟ್ ಲಾಗಿನ್ ಡೀಫಾಲ್ಟಾಗಿ ಬಂದ್ ಆಗಿದೆ. ಸಾಂಬಾದಲ್ಲಿ ಒಂದು ಯೂಸರ್ ಮಾಡಿ ಪಾಸ್‌ವರ್ಡ್ ಕೊಡಿ.

ಬೀಳಲ್ಲ ಆದ್ರೆ ಸ್ಲೋ ಅಂದ್ರೆ, ಕಾಪಿ ಸೆಕೆಂಡಿಗೆ 11-12 ಎಂಬಿ ಹತ್ರಾನೇ ನಿಂತಿದ್ಯಾ ನೋಡಿ. ಹಾಗಿದ್ರೆ ಲಿಂಕ್ 100 ಮೆಗಾಬಿಟ್‌ಗೆ ಇಳಿದಿದೆ, ಗಿಗಾಬಿಟ್‌ಗೆ ಕೇಬಲಿನ ನಾಲ್ಕು ಜೋಡಿ ತಂತೀನೂ ಬೇಕು, ಒಂದು ಕ್ರಿಂಪ್ (ಕೇಬಲ್ ತುದಿಯ ಜೋಡಣೆ) ಸಡಿಲ ಇದ್ರೂ ಹೀಗಾಗತ್ತೆ. ಸರ್ವರ್ ವೈಫೈಲಿ ಇದ್ರೆ ಪವರ್ ಸೇವ್ ಆಫ್ ಮಾಡಿ, ಆದ್ರೆ ಸರ್ವರನ್ನ ವೈಫೈಲಿ ಇಡೋದೇ ನಂಗೆ ಸರಿ ಅನ್ಸಲ್ಲ.

ಇಷ್ಟೂ ಆಗಿ ಇನ್ನೂ ಬಿದ್ರೆ ಆಗ ಟೆಸ್ಟ್‌ಪಾರ್ಮ್ (testparm) ಕಮಾಂಡ್ ಓಡಿಸಿ ಕಾನ್ಫಿಗ್ ತಪ್ಪಿದ್ಯಾ ನೋಡಿ, ಸಾಂಬಾದ ಲಾಗ್ ಲೆವೆಲ್ (ಎಷ್ಟು ವಿವರ ಬರ್ಕೋಬೇಕು ಅನ್ನೋದು) 3ಕ್ಕೆ ಏರಿಸಿ, ಬಿದ್ದ ಟೈಮಿನ ಸಾಲುಗಳನ್ನ ಓದಿ. ಕೆಲಸ ಮುಗಿದ್ಮೇಲೆ ಲೆವೆಲ್ ವಾಪಸ್ ಇಳಿಸಿ, ಲಾಗ್ ಸಿಕ್ಕಾಪಟ್ಟೆ ಬೆಳಿಯತ್ತೆ.